ದೇವರ ಕಂಬಳಿ, ಮಾಳಿಗೆಯ ನೀರು

"ಸತ್ತರೂ ಚಿಂತಿಲ್ರಿ ಬಾಯಾರ, ಮಾಡದ ತಪ್ಪಿಗೆ 'ತಪ್ಪಾತ್ರಿ' ಅನ್ನೂ ಮಾತು ನನ್ನ ಬಾಯಾಗಿಂದ ಬರೂದಿಲ್ಲ!"

ಗೋಕಾಕದ ಕೋರ್ಟಿನ ಹಿಂದಿನ ಓಣಿಯಲ್ಲಿ ಅನ್ನಪೂರ್ಣಾ ಅಂಗಡಿಯವರ ಪಡಸಾಲೆಗೆ ಕಾಲಿಟ್ಟವರು ಸಾಮಾನ್ಯವಾಗಿ ಮೊದಲು ಅಳುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಈ ಹೆಂಗಸು ಅಳುವ ಪೈಕಿ ಅಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೇ ಬಂದವಳಂತೆ ನಿಂತಿದ್ದಳು. ಬಾಗಿಲ ಬಳಿ ಬಸಿಯಲ್ಲಿ ಚಹಾ ಹೀರುತ್ತಿದ್ದ ಆಟೋ ಮಾಳು ಕೂತಲ್ಲೇ ಅವಳ ಪಕ್ಷ ಸೇರಿಬಿಟ್ಟ. ಮಾಳುವಿನ ಸ್ವಭಾವವೇ ಹಾಗೆ. ಮೊದಲು ತೀರ್ಪು, ಆಮೇಲೆ ವಿಚಾರಣೆ.

ಅನ್ನಪೂರ್ಣಾ ಬಾಯಿಯವರದು ತದ್ವಿರುದ್ಧ. ವಿಮಾ ಕಂಪನಿಯಲ್ಲಿ ಅರ್ಧ ಆಯುಷ್ಯ ಕಳೆದವರು. ಸುಟ್ಟ ಅಂಗಡಿ, ಸತ್ತ ಎಮ್ಮೆ, ಹೊಳೆಗೆ ಬಿದ್ದ ಲಾರಿ, ಇವುಗಳ ಮುಂದೆ ನಿಂತು "ಇದು ತಾನಾಗಿ ಆದದ್ದೋ, ಯಾರಾದರೂ ಮಾಡಿದ್ದೋ" ಅಂತ ಹೇಳುವುದೇ ಅವರ ನೌಕರಿಯಾಗಿತ್ತು. ನಿವೃತ್ತಿಯಾದ ಮೇಲೂ ಊರು ಅವರನ್ನು ಸುಮ್ಮನೆ ಕೂರಿಸಲಿಲ್ಲ. ಸ್ಟೇಷನ್ನಿನ ಮೆಟ್ಟಿಲು ಹತ್ತಲು ಮನಸ್ಸಿಲ್ಲದವರೆಲ್ಲ ಈ ಪಡಸಾಲೆಗೆ ಬರುತ್ತಿದ್ದರು, ಮಾಳು ತನ್ನ ಆಟೋದಲ್ಲಿ ಬಾಯಾರನ್ನು ಕರೆದೊಯ್ಯುತ್ತಿದ್ದ. ಪತ್ತೆ ಹಚ್ಚುವುದರಲ್ಲಿ ಅರ್ಧ ಪಾಲು ತನ್ನದು ಅಂತ ಅವನು ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಬಾಯಾರು ಅದನ್ನು ಹೌದು ಅಂದದ್ದೂ ಇಲ್ಲ, ಅಲ್ಲ ಅಂದದ್ದೂ ಇಲ್ಲ.

"ಕುಂಡ್ರವಾ. ಮೊದಲಿಂದ ಹೇಳು," ಅಂದರು ಬಾಯಾರು, ಕರದಂಟಿನ ತುಂಡೊಂದನ್ನು ಮುರಿದು ಅವಳ ಕೈಗಿಡುತ್ತ.

ಹೆಂಗಸಿನ ಹೆಸರು ಕೆಂಪವ್ವ, ಕೊಣ್ಣೂರದವಳು. ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಮಳೆಗಾಲಕ್ಕೆ ಮುಂಚೆ ಮಾಳಿಗೆ ತೊಳೆಯುವುದು ಅವಳ ಕಸುಬು. ಸ್ಲ್ಯಾಬಿನ ಮೇಲಿನ ಪಾಚಿ ಕೆರೆದು, ಸಿಮೆಂಟಿನ ಬಿಳಿ ಕಲೆಗೆ ನೀರು ಬೆರೆಸಿದ ಆ್ಯಸಿಡ್ ಹಾಕಿ ತಿಕ್ಕುವ ಕೆಲಸ. ಆದರೆ ಮಾಳಿಗೆ ತೊಳೆದ ನೀರನ್ನು ಅವಳು ಕೆಳಗೆ ಬಿಡುತ್ತಿರಲಿಲ್ಲ. ನೀರು ಇಳಿಯುವ ದೋಣಿಗಳ ಬಾಯಿಗೆಲ್ಲ ಗೋಣಿ ಸುತ್ತಿದ ಕಟ್ಟಿಗೆಯ ಗೂಟ ಜಡಿದು, ಒಂದಕ್ಕೆ ಮಾತ್ರ ಪೈಪು ಸಿಕ್ಕಿಸಿ ಡ್ರಮ್ಮಿಗೆ ಇಳಿಸುತ್ತಿದ್ದಳು. ಡ್ರಮ್ಮಿನೊಳಗೆ ಸುಣ್ಣ ಹಾಕಿ, ನೊರೆ ಏಳುವುದು ನಿಂತ ಮೇಲೆ ಕಲ್ಲುನೆಲಕ್ಕೆ ಚೆಲ್ಲುತ್ತಿದ್ದಳು. ಜನ ನಕ್ಕು 'ಡ್ರಮ್ಮಿನ ಕೆಂಪವ್ವ' ಅಂತಲೇ ಕರೆಯುತ್ತಿದ್ದರು.

"ನಗವಲ್ರ್ಯಾಕ," ಅಂದಳು ಕೆಂಪವ್ವ. "ಆ ನೀರ ದನಾ ಕುಡದ್ರ, ಕೂಸು ಮುಟ್ಟಿದ್ರ, ಆಮ್ಯಾಲ ನಗತಾರೇನ್ರಿ? ನಾ ಒಂದ ಹನಿ ಬಿಡೂದಿಲ್ಲ. ಮೂಡಲಗಿ ಕಡೆ ಹಾಲಹಟ್ಟ್ಯಾಗ ಕಂಬಳಿ ಸಂಘದ ಮಾಳಿಗಿ ತೊಳ್ಯಾಕ ಹಿಡದಿದ್ನಿ. ಹಿತ್ತಲದಾಗ ಬೀರದೇವರ ಗದ್ದಿಗಿ ಕಂಬಳಿ ಒಣಹಾಕಿದ್ರು. ಮಧ್ಯಾಹ್ನ ನಾವು ಬೇವಿನ ಗಿಡದ ಬುಡಕ ರೊಟ್ಟಿ ಉಂಡು, ಮುಂದಿನ ಬಾಜೂ ತಿಕ್ಕಾಕ ಹೋದ್ವಿ. ಸಂಜಿಕ ನೋಡಿದ್ರ ಕಂಬಳಿ ಕರಗಿ ಲೋಳಿ ಆಗೇತಿ! ದೋಣಿ ಗೂಟ ಕೆಳಗ ಬಿದ್ದೈತಿ. ಗುಡಿ ಮೈಕಿನ್ಯಾಗ ನನ್ನ ಹೆಸರು ಒದರ್ಯಾರ, ಎಲ್ಲಾರೂ ನನ್ನ ಕಡೆ ಬಟ್ಟ ತೋರ್ಸಾಕತ್ತಾರ."

"ಏನ್ ಮಾಡಂತಾರ?"

"ಸೋಮವಾರ ಗುಡಿ ಮುಂದ ಊರು ಕೂಡತೈತ್ರಿ. ನಾ ಅಡ್ಡ ಬಿದ್ದು, ನನ್ನ ಆ್ಯಸಿಡ್ನಿಂದ ದೇವರ ಕಂಬಳಿ ಹಾಳಾತು ಅಂತ ಒಪ್ಪಬೇಕಂತ. ಒಪ್ಪಿದ್ರೂ ಮತ್ತ ಯಾವ ಮಾಳಿಗಿನೂ ಹತ್ತಬಾರದಂತ. ನಾ ಅಡ್ಡ ಬಿದ್ದ್ನಿ ಅಂದ್ರ ನನ್ನ ಬೆನ್ನಿಗಿದ್ದ ಹೆಂಗಸರೂ ಬಿದ್ದಂಗರಿ. ಬೀಳೂದಿಲ್ಲ."

ಮಾಳು ಬಸಿಯನ್ನು ನೆಲಕ್ಕೆ ಕುಕ್ಕಿದ. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದಂಗಾತಲ್ರಿ ಇದು!"

"ಎತ್ತು ಯಾವುದು ಅಂತ ಇನ್ನೂ ಗೊತ್ತಾಗಿಲ್ಲ ಮಾಳು, ತಡಿ," ಅಂದರು ಬಾಯಾರು. ಅವರ ಕಣ್ಣು ಕೆಂಪವ್ವನ ಸೀರೆಯ ಮೇಲಿತ್ತು. ನೂಲಿನ ಸೀರೆ, ಅಂಚಿಡೀ ಜರಡಿಯಂತೆ ತೂತು. ಹೆಗಲ ಮೇಲೆ ಹಳೆಯ ಕರಿ ಕಂಬಳಿ. "ಈ ಕಂಬಳಿ ಕೆಲಸಕ್ಕೂ ತಗೊಂಡ ಹೋಗ್ತೀಯೇನು?"

"ಮೊಣಕಾಲ ಬುಡಕ ಹಾಸ್ಕೊಂಡ ಕುಂಡ್ರತೇನ್ರಿ, ತಿಕ್ಕಾಕ. ಸ್ಲ್ಯಾಬು ಒತ್ತತೈತಲ್ರಿ."

ಬಾಯಾರು ಕಂಬಳಿಯನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಅದರಲ್ಲಿ ಒಂದೂ ತೂತಿರಲಿಲ್ಲ. ಅವರು ಅದನ್ನು ಮಡಚಿ ವಾಪಸು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡರು.

ಕೌಜಲಗಿ ದಾಟಿ ಕಬ್ಬಿನ ನಡುವೆ ಆಟೋ ಕುಣಿಯುತ್ತ ಹಾಲಹಟ್ಟಿ ಮುಟ್ಟಿತು. ಸಂಘದ ಹಿತ್ತಿಲಲ್ಲಿ ಆಗಲೇ ಜನ ಸೇರಿದ್ದರು. ಕೆಂಪವ್ವ ಆಟೋದಿಂದ ಇಳಿದದ್ದೇ ತಡ, ಗುಸುಗುಸು ಶುರುವಾಯಿತು. ಅವಳು ತಲೆ ಬಗ್ಗಿಸಲಿಲ್ಲ, ನೇರ ಹೋಗಿ ತನ್ನ ಡ್ರಮ್ಮಿನ ಪಕ್ಕ ನಿಂತಳು.

ದೋಣಿಯ ಕೆಳಗೆ ಕಟ್ಟಿದ್ದ ಹತ್ತಿ ನೂಲಿನ ಹಗ್ಗಕ್ಕೆ ಕಂಬಳಿಯ ಅವಶೇಷ ಇನ್ನೂ ಜೋತಾಡುತ್ತಿತ್ತು. ಅಯ್ಯೋ, ಅದನ್ನು ಕಂಬಳಿ ಅನ್ನುವುದಾದರೂ ಹೇಗೆ! ಜಾಳುಜಾಳಾದ ಕರಿ ಎಳೆಗಳ ಬಲೆ, ಅದಕ್ಕೆ ಅಂಟಿದ ಹಳದಿ ಲೋಳೆ. ಕುರುಬರ ಮನೆಯಲ್ಲಿ ಹುಟ್ಟಿದ ಮಾಳು ಚಪ್ಪಲಿ ಕಳಚಿಟ್ಟು ಹತ್ತಿರ ಹೋದ. ಮೂಗಿಗೆ ಒಂದು ವಾಸನೆ ಬಡಿಯಿತು.

"ಬಾಯಾರ, ಕೊರೊನಾದಾಗ ದವಾಖಾನಿ ಮುಂದ ಬಂದ ವಾಸನಿ ಇದು."

"ನಿನ್ನ ಮೂಗಿಗೆ ಪಗಾರ ಕೊಡಬೇಕು," ಅಂದರು ಬಾಯಾರು. ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ನೋಡಿದರು. ಗಟ್ಟಿಯಾಗಿತ್ತು. ಆಮೇಲೆ ದೋಣಿಯ ಕೆಳಗಿನ ಗೋಡೆಯ ಮೇಲೆ ಬೆರಳಾಡಿಸಿದರು. ಹಬ್ಬಕ್ಕೆಂದು ಹಚ್ಚಿದ್ದ ಸುಣ್ಣ ಎಲ್ಲೂ ಕಿತ್ತಿರಲಿಲ್ಲ, ಬೆರಳಿಗೆ ಬೆಳ್ಳಗೆ ಹತ್ತಿತು.

ಕಂಬಳಿ ನೇಯ್ದವನು ರಾಯಪ್ಪ, ಊರಿನ ಹಿರಿಯ. ಕೆಂಪವ್ವ ಅಡ್ಡ ಬೀಳಲೇಬೇಕೆಂದು ಪಟ್ಟು ಹಿಡಿದವನೂ ಅವನೇ. "ಎಲ್ಲಾ ಮುಗದು, ನೀರಿಗೆ ಅದ್ದಿ ಒಣಹಾಕಿದ್ನಿ ತಾಯಿ," ಅಂದ. "ಈ ಸಲ ಮೊದಲಿಂದನೂ ಅಪಶಕುನ. ಹುಣಸಿಬೀಜದ ಗಂಜಿ ಹಚ್ಚಿದ್ರ ನೂಲಿಗೆ ನಿಲ್ಲವಲ್ದು. ಹವಾ ಸರಿ ಇಲ್ಲಂತ ಸಂಘದ ಗುಡ್ಡಪ್ಪ ಅಂದ."

"ಈ ದೋಣಿ ಬುಡಕ ಒಣಹಾಕಂತ ಯಾರಂದ್ರು?"

"ಅವನ. ಬಿಸಲಿಗಿಂತ ನೆರಳು ಚೊಲೊ ಅಂದ."

ರಾಯಪ್ಪನ ಹೆಂಡತಿ ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೋಮವಾರ ಎಳಿ ಸುಡೂದಿತ್ತು ಯವ್ವಾ. ಹೊಸಾ ಕಂಬಳಿ ಗದ್ದಿಗಿಗಿ ಹಾಸೂ ಮೊದಲ ಅಂಚಿನ ಎಳಿ ಒಂದ ಹಿರದು ದೇವರ ದೀಪಕ್ಕ ಹಿಡೀತೇವಿ. ಖರೆ ಉಣ್ಣಿ ಇದ್ರ ಕೂದಲ ಸುಟ್ಟಂಗ ನಾರಿ ಬೂದಿ ಆಗತೈತಿ. ಆ ಬೂದಿ ಹಣಿಗಿ ಹಚ್ಕೋತೇವಿ. ಈಗ ಸುಡಾಕರ ಏನೈತಿ?"

ಆಗ ಗುಡ್ಡಪ್ಪ ಬಂದ. ಸಂಘದ ಕಾರ್ಯದರ್ಶಿ, ನೇಕಾರರಿಗೆಲ್ಲ ನೂಲು ಒದಗಿಸುವವನು, ಮಾತು ಬೆಣ್ಣೆ. ಹೆಗಲ ಮೇಲೆ ಹೊಚ್ಚಹೊಸ ಕಂಬಳಿ, ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ.

"ಏನ್ ಕಾಕಾ, ಹೊಸಾ ಕಂಬಳಿ! ಮದಿವಿ ಗಿದಿವಿ ಐತೇನ?" ಮಾಳು ಛೇಡಿಸಿದ.

"ಹಳೇದು ಹರದಿತ್ತಪಾ, ತಿಪ್ಪಿಗಿ ಒಗದ್ನಿ," ಅಂದು ಗುಡ್ಡಪ್ಪ ನಕ್ಕ. ಬಾಯಾರ ಕಡೆ ತಿರುಗಿ, "ನೋಡ್ರಿ, ನಮಗೂ ಹೆಂಗಸಿನ ಮ್ಯಾಲ ಸಿಟ್ಟಿಲ್ಲ. ಆದ್ರ ದೇವರ ವಸ್ತು. ಒಂದ್ಸಲ ಅಡ್ಡ ಬಿದ್ದು ಹೋಗಲಿ," ಅಂದ.

"ಅಡ್ಡ ಬೀಳಾಕ ನನಗ ಬೆನ್ನು ಬಗ್ಗೂದಿಲ್ಲ ಕಾಕಾ," ಕೆಂಪವ್ವ ಡ್ರಮ್ಮಿನ ಕಡೆಯಿಂದಲೇ ಕೂಗಿದಳು. "ಮಾಳಿಗಿ ತಿಕ್ಕಾಕಷ್ಟ ಬಗ್ಗತೈತಿ!"

ವಾಪಸಾಗುವ ಮೊದಲು ಬಾಯಾರು ಬಲೆಯಂತಾದ ಆ ಎಳೆಗಳಲ್ಲಿ ಕೆಲವನ್ನು ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಹಾದಿಯುದ್ದಕ್ಕೂ ಮಾಳುವಿನ ಬಾಯಿ ನಿಲ್ಲಲಿಲ್ಲ. "ಹುಕ್ಕೇರಿ ರಾಹುಲನ ಇದನ್ನ ಮಾಡ್ಯಾನ್ರಿ. ಮಶೀನ್ಲೆ ಮಾಳಿಗಿ ತೊಳೀತಾನ. ಈ ಕೆಲಸ ಅವಗ ಸಿಗಬೇಕಿತ್ತು, ಕೆಂಪವ್ವಗ ಸಿಕ್ತು. ಅವತ್ತು ಮುಂಜಾನಿ ಅವನ ಗಾಡಿನೂ ಆ ಊರಾಗ ಕಂಡೈತಂತ!"

"ಹಂಗಾರ ಹುಕ್ಕೇರಿಗೆ ಹೊಡಿ."

ರಾಹುಲ ತಗಡಿನ ಶೆಡ್ಡಿನಲ್ಲಿ ತನ್ನ ಪ್ರೆಶರ್ ಮಶೀನಿಗೆ ಎಣ್ಣೆ ಬಿಡುತ್ತಿದ್ದ. ಗೋಡೆಗುಂಟ ನೀಲಿ ಕ್ಯಾನುಗಳು. ಶೆಡ್ಡಿಗೆಲ್ಲ ಅದೇ ಕೊರೊನಾ ಕಾಲದ ವಾಸನೆ. ಮಾಳು ತೋಳು ಮಡಚಿದ.

"ನಂದು ಆ್ಯಸಿಡ್ ಅಲ್ರಿ, ಹೈಪೋ, ಕೊರೊನಾದಾಗ ಓಣಿಗೆಲ್ಲ ಹೊಡೀತಿದ್ರಲ್ರಿ, ಅದ," ಅಂದ ರಾಹುಲ. "ಸಿಂಪಡಿಸಿದ್ರ ಪಾಚಿ ತಾನ ಸಾಯ್ತೈತಿ. ಡ್ರಮ್ಮು ಗಿಮ್ಮು ನಮಗ್ಯಾಕ? ನೀರು ಗಟಾರಕ್ಕ, ಗಟಾರ ಹಳ್ಳಕ್ಕ."

"ಹಳ್ಳದಾಗಿನ ಮೀನ ನಿಮ್ಮಪ್ಪನ ಮನಿವೇನೋ?" ಮಾಳು ಮೇಲೆದ್ದ. ಬಾಯಾರು ಅವನ ಅಂಗಿ ಹಿಡಿದು ಕೂರಿಸಿದರು.

"ಕೆಂಪವ್ವನೂ ಹೈಪೋ ಬಳಸ್ತಾಳೇನು?"

ರಾಹುಲ ನಕ್ಕ. "ಆಕಿ ಹತ್ರ ಆ್ಯಸಿಡ್ ಇರ್ತೈತಲ್ರಿ. ಎರಡೂ ಕೂಡಿದ್ರ ಹೊಗಿ ಎದ್ದು ಉಸಿರ ಕಟ್ಟತೈತಿ. ಸುದ್ದಿ ಗೊತ್ತಿದ್ದವರು ಎರಡನ್ನೂ ಒಂದ ಜಾಗಾದಾಗ ಇಡೂದಿಲ್ಲ. ಹಾಲಹಟ್ಟಿಗಿ ನಾ ಹೋಗಿದ್ದು ಖರೆ. ಸಂಡಾಸ ತೊಳ್ಯಾಕ ಒಂದ ಕ್ಯಾನು ಬೇಕಂತ ಸಂಘದವರು ಫೋನ್ ಮಾಡಿದ್ರು, ಕಟ್ಟಿ ಮ್ಯಾಲ ಇಟ್ಟು ಬಂದ್ನಿ. ಅಲ್ಲಿ ಮಂದಿ ಓಡಾಡ್ತಿದ್ರು, ಯಾರರ ತಗೊಂಡಿರಬಹುದು."

ಬಾಯಾರು ಒಂದು ಬಾಟಲಿಯಷ್ಟು ಹೈಪೋ ಕೇಳಿ ತೆಗೆದುಕೊಂಡರು. ಸೋಮವಾರ ಗುಡಿಯ ಮುಂದೆ ಬರಲು ರಾಹುಲನಿಗೆ ಹೇಳಿದರು. ಗೋಕಾಕದ ಹಾದಿಯಲ್ಲಿ ಕರದಂಟು ಮುರಿಯುತ್ತ ಕೇಳಿದರು: "ಮಾಳು, ಕಂಬಳಿ ಹರಿದ್ರ ನಿಮ್ಮ ಮನ್ಯಾಗ ಏನ್ ಮಾಡ್ತೀರಿ?"

"ಕೂಸಿನ ಹಾಸಿಗಿ ಮಾಡ್ತೇವ್ರಿ. ಆಮ್ಯಾಲ ಕರುವಿಗೆ ಹೊಚ್ಚತೇವಿ. ಆಮ್ಯಾಲ ಹೊಸ್ತಿಲಕ್ಕ."

"ತಿಪ್ಪಿಗೆ ಒಗೀತೀರೇನು?"

"ಹೇ, ಎಲ್ಲೀದ ತೆಗದ್ರಿ! ಕಂಬಳಿ ಯಾರ ಒಗೀತಾರ? ಅದು ದೇವರಿದ್ದಂಗ." ಮಾಳು ಹಾಗೆಂದವನು ಮುಂದಿನ ತಿರುವಿನಲ್ಲಿ ಆಟೋ ನಿಲ್ಲಿಸಿಯೇ ಬಿಟ್ಟ. "ಬಾಯಾರ..."

"ಬಾಯಿ ಮುಚ್ಚಿಕೊಂಡು ಹೊಡಿ," ಅಂದರು ಬಾಯಾರು. "ಸ್ಟ್ಯಾಂಡಿನಾಗ ಒಂದ ಮಾತು ಬಿಟ್ಟಿ ಅಂದ್ರ ನೋಡು."

ಪಾಪ, ಮಾಳುವಿಗೆ ಸೋಮವಾರದವರೆಗೆ ಅನ್ನ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಬೀರದೇವರ ಗುಡಿಯ ಮುಂದೆ ಊರಿಗೆ ಊರೇ ನೆರೆದಿತ್ತು. ದೀಪ ಉರಿಯುತ್ತಿತ್ತು, ಬರಿದಾದ ಗದ್ದಿಗೆ ಕಾಣುತ್ತಿತ್ತು. ರಾಯಪ್ಪ ಕೆಂಪವ್ವನಿಗೆ ನೆಲ ತೋರಿಸಿದ. ಅವಳು ಕಟ್ಟಿಗೆ ಒರಗಿ ಕೈಕಟ್ಟಿ ನಿಂತಳು.

"ಆಕಿ ಬೀಳೂ ಮೊದಲ ನಾ ನಾಲ್ಕು ಮಾತು ಹೇಳತೇನಿ," ಅಂದರು ಬಾಯಾರು. ಎರಡು ಗಾಜಿನ ಲೋಟಗಳನ್ನು ಕಟ್ಟೆಯ ಈ ತುದಿಗೊಂದು ಆ ತುದಿಗೊಂದು ದೂರ ದೂರ ಇಟ್ಟರು. "ಇದರಾಗ ಕೆಂಪವ್ವನ ಆ್ಯಸಿಡ್. ಅದರಾಗ ರಾಹುಲನ ಹೈಪೋ. ನಿನ್ನೆನ ಎರಡರಾಗೂ ಒಂದಿಷ್ಟು ಉಣ್ಣಿ, ಒಂದ ತುಂಡು ನೂಲಿನ ಹಗ್ಗ ಹಾಕಿಟ್ಟೇನಿ. ಮಾಳು, ತೆಗೆದು ತೋರಿಸು."

ಮಾಳು ಕಡ್ಡಿಯಿಂದ ಎತ್ತಿದ. ಆ್ಯಸಿಡ್ಡಿನ ಲೋಟದಲ್ಲಿ ಉಣ್ಣೆ ಉಣ್ಣೆಯಾಗಿಯೇ ಇತ್ತು, ಹಗ್ಗ ಮಾತ್ರ ಮುಟ್ಟಿದರೆ ಹಿಟ್ಟಾಯಿತು. ಹೈಪೋದಲ್ಲಿ ಹಗ್ಗ ಬೆಳ್ಳಗಾಗಿ ಉಳಿದಿತ್ತು, ಉಣ್ಣೆಯ ಸುಳಿವೇ ಇರಲಿಲ್ಲ, ಹಳದಿ ನೀರಷ್ಟೇ. ಜನ ಹೋ ಎಂದರು.

"ಆ್ಯಸಿಡ್ ಹತ್ತಿ ನೂಲು ತಿನ್ನತೈತಿ, ಉಣ್ಣಿ ಬಿಡತೈತಿ. ಕೆಂಪವ್ವನ ಸೀರಿ ಅಂಚು ನೋಡ್ರಿ, ಜರಡಿ ಆಗೇತಿ. ಅದ ಆ್ಯಸಿಡ್ ನೀರಾಗ ಹಾಸ್ಕೊಂಡ ಕುಂಡ್ರೂ ಕಂಬಳಿಗೆ ತೂತಿಲ್ಲ. ನಿಮ್ಮ ಹಿತ್ತಲದಾಗ ಹಗ್ಗ ಗಟ್ಟಿ ಐತಿ, ಕಂಬಳಿ ಕರಗೇತಿ. ಅಲ್ಲಿ ಬಿದ್ದದ್ದು ಆ್ಯಸಿಡ್ ಅಲ್ಲ. ದೋಣಿಯಿಂದ ಬಿದ್ದದ್ದೂ ಅಲ್ಲ. ಆ್ಯಸಿಡ್ ನೀರು ಇಳಿದಿದ್ರ ಗ್ವಾಡಿ ಸುಣ್ಣ ನೊರೆ ಎದ್ದು ಕಿತ್ತು ಬರ್ತಿತ್ತು. ಕೆಂಪವ್ವ ಡ್ರಮ್ಮಿಗೆ ಸುಣ್ಣ ಹಾಕಿದಾಗ ನೊರೆ ಏಳೂದು ನೀವ ಕಂಡೀರಿ. ಗೂಟ ಕಿತ್ತು ಕೆಳಗ ಒಗದವರು ಬ್ಯಾರೆ."

"ಹಂಗಾರ ರಾಹುಲನ!" ಯಾರೋ ಕೂಗಿದರು. ರಾಹುಲ ಬೆವೆತ.

"ಅವಗ ಕೆಂಪವ್ವನ ಮ್ಯಾಲ ತಪ್ಪು ಹೊರಿಸೂದಿದ್ರ ಆಕಿ ಆ್ಯಸಿಡ್ಡನ್ನ ಬಳಸ್ತಿದ್ದ. ಎರಡರ ಫರಕು ಅವಗ ಚೊಲೊ ಗೊತ್ತೈತಿ. ಇದನ್ನ ಮಾಡಿದವಗ ಫರಕು ಗೊತ್ತಿದ್ದಿಲ್ಲ. ಸಂಡಾಸಕ್ಕ ಹಾಕೂದೆಲ್ಲ ಅವಗ ಆ್ಯಸಿಡ್ಡ. ಕಟ್ಟಿ ಮ್ಯಾಲ ಕ್ಯಾನಿತ್ತು, ಸುರದ." ಬಾಯಾರು ಕರವಸ್ತ್ರ ಬಿಚ್ಚಿದರು. "ಈಗ ಒಂದ ಪ್ರಶ್ನೆ ನೀವು ಕೇಳಬೇಕಿತ್ತು. ಉಣ್ಣಿ ಎಲ್ಲಾ ಕರಗಿದ ಮ್ಯಾಲ ಈ ಕರಿ ಎಳಿ ಹೆಂಗ ಉಳದ್ವು? ಮಾಯವ್ವ, ಇವತ್ತು ಎಳಿ ಸುಡೂ ದಿನ ಹೌದಲ್ಲ? ಸುಡು."

ಮಾಯವ್ವ ಎಳೆಯನ್ನು ದೀಪಕ್ಕೆ ಹಿಡಿದಳು. ಕೂದಲು ಸುಟ್ಟ ವಾಸನೆ ಬರಲಿಲ್ಲ. ಎಳೆ ಸುರುಟಿ, ಕರಗಿ, ತುದಿಯಲ್ಲಿ ಕರಿ ಗುಂಡಾಗಿ ನಿಂತಿತು. ಬೂದಿಯಾಗಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗುಡಿಯ ಮುಂದೆಲ್ಲ ಹರಡಿತು.

"ಪ್ಲಾಸ್ಟಿಕ್ಕು!" ರಾಯಪ್ಪ ಎದ್ದು ನಿಂತ. "ಅದಕ್ಕ ಗಂಜಿ ನಿಲ್ಲಲಿಲ್ಲ!"

"ನೂಲು ಕೊಟ್ಟವರು ಯಾರು, ಹವಾ ಸರಿ ಇಲ್ಲ ಅಂದವರು ಯಾರು, ದೋಣಿ ಬುಡಕ ಒಣಹಾಕು ಅಂದವರು ಯಾರು, ನೀವ ಹೇಳ್ರಿ," ಅಂದರು ಬಾಯಾರು. "ಇವತ್ತು ಎಳಿ ಸುಟ್ಟಿದ್ರ ಬಯಲಾಗ್ತಿತ್ತು. ಅದಕ್ಕ ಕಂಬಳಿನ ಇರಬಾರದು ಅಂತ ಆ ಮನುಷ್ಯಾ ತಿಳದ. ದೇವರ ಆಟ ನೋಡ್ರಿ, ಖರೆ ಉಣ್ಣಿ ಎಲ್ಲಾ ಹೋತು, ಮುಚ್ಚಬೇಕಂದ ಕಲಬೆರಕಿ ಒಂದ ಉಳೀತು. ಇನ್ನೊಂದು ಮಾತು. ಸುರಿಯೂವಾಗ ಹೈಪೋ ಅವನ ಹೆಗಲಿಗೂ ಸಿಡದೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಮಾಳು ಚಿಕ್ಕಂದಿನಿಂದ ಕೇಳಿದ್ದ, ಕಣ್ಣಾರೆ ಕಂಡದ್ದು ಅವತ್ತೇ. ಗುಡ್ಡಪ್ಪನ ಕೈ ತಾನಾಗಿ ಹೊಸ ಕಂಬಳಿಯ ಮೇಲೆ ಹೋಯಿತು.

"ಹಳೇ ಕಂಬಳಿ ಎಲ್ಲಿ ಗುಡ್ಡಪ್ಪ?"

"ಒಗದ್ನಿ ಅಂದೆನಲ್ರಿ."

"ಎಲ್ಲಿ ಒಗದಿ?" ಹೆಂಗಸರ ಗುಂಪಿನಿಂದ ಅವನ ಹೆಂಡತಿ ಬಾಳವ್ವ ಎದ್ದಳು. "ಇಲಿ ಕಡದಾವು, ಸುಟ್ಟಬಿಡು ಅಂತ ನನ್ನ ಕೈಯಾಗ ಕೊಟ್ಟಿ. ನಮ್ಮ ಮಂದ್ಯಾಗ ಕಂಬಳಿ ಸುಡತಾರೇನ? ನಾ ಕರುವಿಗಿ ಹೊಚ್ಚೇನಿ." ಗಂಡನ ಮುಖ ನೋಡದೆ ಮನೆಗೆ ಹೋದಳು, ಕಂಬಳಿ ತಂದು ಮಾಯವ್ವನ ಮುಂದೆ ಹಾಸಿದಳು. ಒಂದು ಅಂಚು ಹಳದಿಯಾಗಿ ಕರಗಿ ಅಂಟಂಟಾಗಿತ್ತು. ಅದು ಯಾವ ಇಲಿಯ ಹಲ್ಲೂ ಅಲ್ಲ. ಮಾಯವ್ವ ಅದರ ಎಳೆ ಹಿರಿದು ದೀಪಕ್ಕೆ ಹಿಡಿದಳು. ಕೂದಲು ಸುಟ್ಟ ವಾಸನೆ ಘಮ್ಮೆಂದಿತು, ಎಳೆ ಬೂದಿಯಾಗಿ ಉದುರಿತು.

ಇನ್ನು ಮಾಳುವನ್ನು ಹಿಡಿಯುವವರಾರು! "ದೇವರಿಗೆ ಪ್ಲಾಸ್ಟಿಕ್ಕು, ನಿನಗ ಖರೆ ಉಣ್ಣಿ! ಭಲೇ ಕಾಕಾ, ಭಲೇ!"

ಗುಡ್ಡಪ್ಪ ಹೆಗಲ ಕಂಬಳಿ ತೆಗೆದು ಮುಂದಿಟ್ಟುಕೊಂಡು ಕೂತ. ಊರ ಕುರಿಗಳ ಉಣ್ಣೆಯನ್ನು ಹೊರಗೆ ಮಾರಿ ಗಿರಣಿಯ ಪ್ಲಾಸ್ಟಿಕ್ ನೂಲು ಬೆರೆಸುತ್ತಿದ್ದುದನ್ನೂ, ಗೂಟ ಕಿತ್ತು ಕ್ಯಾನು ಸುರಿದದ್ದನ್ನೂ ಒಪ್ಪಿಕೊಂಡ. ಸಂಘಕ್ಕೆ ನೂಲು ತರುವ ಕೆಲಸ ಆ ಕ್ಷಣದಿಂದ ಅವನದಲ್ಲ ಎಂದು ಹಿರಿಯರು ಹೇಳಿದರು. ಆಮೇಲೆ ಎಲ್ಲರೂ ಕೆಂಪವ್ವನ ಕಡೆ ನೋಡಿದರು.

"ಆತವಾ, ಆಗಿದ್ದಾತು. ಮನಸಿನ್ಯಾಗ ಇಟ್ಕೋಬ್ಯಾಡ," ಅಂದ ರಾಯಪ್ಪ.

"ಅದ್ಯಾಂಗ್ರಿ?" ಕೆಂಪವ್ವ ಕಟ್ಟೆ ಬಿಟ್ಟು ಮುಂದೆ ಬಂದಳು. "ನನ್ನ ಹೆಸರು ಕೆಡಸೂವಾಗ ಮೈಕಿನ್ಯಾಗ ಒದರಿದ್ರಿ. ಈಗ ಬಾಯಾಗ ಬಾಯಾಗ ಮುಗಸ್ತೀರೇನು? ನೀವು ಅಡ್ಡ ಬೀಳಬ್ಯಾಡ್ರಿ, ಅದು ದೇವರಿಗಿರಲಿ. ಬಾಯಿಲೆ ಅನ್ರಿ. ಅದ ಮೈಕಿನ್ಯಾಗ."

ರಾಯಪ್ಪನ ಮೀಸೆ ಒಮ್ಮೆ ಅದುರಿತು. ಮಾಯವ್ವ ಗಂಡನ ಕೈಗೆ ಮೈಕು ಕೊಟ್ಟಳು. "ತಪ್ಪಾತವಾ ಕೆಂಪವ್ವ," ಅಂದ ಅವನು. ಕಬ್ಬಿನ ಹೊಲದಲ್ಲಿದ್ದವರಿಗೂ ಅದು ಕೇಳಿಸಿತು.

"ಈಗ ಆತು," ಅಂದಳು ಕೆಂಪವ್ವ. "ಇನ್ನ ಹಿತ್ತಲದಾಗ ಆ ಹೈಪೋ ಹೀರಿದ ಮಣ್ಣೈತಿ. ಮಳಿ ಬಂದ್ರ ಕುರಿ ಕುಡಿಯೂ ಬಾನಿಗೆ ಹರೀತೈತಿ. ಗುಡ್ಡಪ್ಪ ಕಾಕಾ, ಸಲಿಕಿ ತಗೋ. ಒಂದ ಹಿಡಿ ಬಿಡದಂಗ ತಗದು ಗೋಣ್ಯಾಗ ತುಂಬು. ನನ್ನ ಡ್ರಮ್ಮಿನ ಹತ್ರ ಮಾತ್ರ ತರಬ್ಯಾಡ."

ಗುಡ್ಡಪ್ಪ ಎದ್ದು ಸಲಿಕೆ ಹುಡುಕಿಕೊಂಡು ಹೋದ. ರಾಹುಲ ಕೆಂಪವ್ವನ ಹತ್ತಿರ ಸುಳಿದು, "ಅಕ್ಕಾ, ಆ ಗೂಟಾ ಎಲ್ಲಿ ಮಾಡಸ್ತೀರಿ?" ಅಂತ ಮೆಲ್ಲಗೆ ಕೇಳಿದ. "ಬಡಿಗ್ಯಾರ ಹತ್ರ. ಮೊದಲ ಡ್ರಮ್ ತಗೋ," ಅಂದಳು ಅವಳು. ಮಾಯವ್ವ ಬಾಳವ್ವನ ಕೈ ಹಿಡಿದು, ಈ ಸಲ ನೂಲು ನಾವೇ ತೆಗೆಯೋಣ, ಕಣ್ಣು ಮಂಜಾದರೇನು, ಉಣ್ಣೆ ಯಾವುದು ಅಂತ ಕೈಗೆ ಗೊತ್ತಾಗುತ್ತದೆ ಅನ್ನುತ್ತಿದ್ದಳು.

ಮಾಳು ಆಟೋ ಚಾಲೂ ಮಾಡಿದ. "ಬರ್ತೀಯೇನವಾ, ಕೊಣ್ಣೂರಿಗೆ ಬಿಡ್ತೇನಿ."

"ಯಾಕ? ಇನ್ನೂ ಅರ್ಧ ಮಾಳಿಗಿ ಉಳದೈತಲ್ಲ," ಅಂದಳು ಕೆಂಪವ್ವ. ಹಳೆಯ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ನಿಚ್ಚಣಿಕೆ ಹತ್ತಿದಳು. ಅವಳ ಹಿಂದೆ ಅವಳ ಹೆಂಗಸರೂ ಹತ್ತಿದರು. ಆಟೋ ಊರ ಅಗಸೆ ದಾಟುವವರೆಗೂ ದೋಣಿಗೆ ಗೂಟ ಜಡಿಯುವ ಸದ್ದು ಕೇಳಿಸುತ್ತಲೇ ಇತ್ತು.